ಶಟ್‌ಡೌನ್ ಒತ್ತಿದರೂ ಕಂಪ್ಯೂಟರ್ ಆಫ್ ಆಗುತ್ತಿಲ್ಲವೇ? ತಡೆಯುತ್ತಿರುವ ಪ್ರೋಗ್ರಾಂ ಹುಡುಕುವ ಬಗೆ

ಮಳೆಗಾಲದ ಒಂದು ಸಂಜೆ. ಮಲೆನಾಡಿನ ನಮ್ಮೂರಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಪರಿಚಿತರೊಬ್ಬರು ಫೋನ್ ಮಾಡಿದರು. ಕರೆಂಟ್ ಹೋಗಿದೆ, ಯುಪಿಎಸ್ ಕೂಗುತ್ತಿದೆ, ಕಂಪ್ಯೂಟರ್ ಮಾತ್ರ ಆಫ್ ಆಗುತ್ತಿಲ್ಲ. "ದಿನಾ ಇದೇ ಗೋಳು ಮಾರಾಯ್ರೇ. ಶಟ್‌ಡೌನ್ ಕೊಟ್ರೆ ಸುಮ್ನೆ ಸುತ್ತುತ್ತೆ. ಕೊನೆಗೆ ಬಟನ್ ಅದುಮಿ ಹಿಡ್ಕೊಂಡು ಆಫ್ ಮಾಡ್ತೀನಿ" ಅಂದರು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. "ಎರಡು ತಿಂಗಳಾಯ್ತು."

ನಾನು ಅಲ್ಲಿಗೆ ಹೋಗುವಷ್ಟರಲ್ಲಿ ತಡವಾಗಿತ್ತು. ಮಾರನೇ ಬೆಳಿಗ್ಗೆ ಅವರ ಬಿಲ್ಲಿಂಗ್ ಪ್ರೋಗ್ರಾಂ ತೆರೆಯಲೇ ಇಲ್ಲ. ಡೇಟಾ ಫೈಲ್ ಕೆಟ್ಟಿತ್ತು. ಭಾನುವಾರದ ಬ್ಯಾಕಪ್ ಇದ್ದದ್ದು ಪುಣ್ಯ. ಆದರೂ ನಾಲ್ಕು ದಿನದ ಬಿಲ್ಲುಗಳನ್ನು ಕಾರ್ಬನ್ ಕಾಪಿ ನೋಡಿಕೊಂಡು ಮತ್ತೆ ಹೊಡೆಯಬೇಕಾಯಿತು. ಈ ಕಷ್ಟ ಇನ್ನೊಬ್ಬರಿಗೆ ಬರಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಶಟ್‌ಡೌನ್ ತಡೆಯುತ್ತಿರುವುದು ಯಾರು ಎನ್ನುವುದು ವಿಂಡೋಸ್‌ಗೆ ಬಹಳಷ್ಟು ಸಲ ಗೊತ್ತಿರುತ್ತದೆ. ಸರಿಯಾದ ಜಾಗದಲ್ಲಿ ಕೇಳಿದರೆ ಹೆಸರು ಹಿಡಿದು ಹೇಳುತ್ತದೆ.

ಇಲ್ಲಿ ಹೇಳಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತದೆ. ಮೆನು ಮತ್ತು ಬಟನ್‌ಗಳಿಗೆ ಪರದೆಯ ಮೇಲೆ ಕಾಣುವ ಇಂಗ್ಲಿಷ್ ಹೆಸರುಗಳನ್ನೇ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ.

ಪವರ್ ಬಟನ್‌ನಿಂದ ಕೈ ತೆಗೆಯಿರಿ

ಪವರ್ ಬಟನ್ ಅದುಮಿ ಹಿಡಿದರೆ ಕೆಲವೇ ಸೆಕೆಂಡುಗಳಲ್ಲಿ ಕರೆಂಟ್ ಕಡಿದುಹೋಗುತ್ತದೆ. ಆಗ ವಿಂಡೋಸ್ ಯಾರನ್ನೂ ಏನೂ ಕೇಳುವುದಿಲ್ಲ. ಪ್ರೋಗ್ರಾಂ ಬರೆಯುತ್ತಿದ್ದ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಫೈಲ್ ವ್ಯವಸ್ಥೆ ಡಿಸ್ಕ್‌ನ ಕಟ್ಟನ್ನು, ಅಂದರೆ ಯಾವ ಫೈಲ್ ಎಲ್ಲಿದೆ ಎನ್ನುವ ಲೆಕ್ಕವನ್ನು, ಕಾಪಾಡಿಕೊಳ್ಳುತ್ತದೆ. ಫೈಲ್‌ನ ಒಳಗಿದ್ದ ನಿಮ್ಮ ಬಿಲ್ಲು, ಪತ್ರ, ಲೆಕ್ಕಕ್ಕೆ ಆ ಭರವಸೆ ಇಲ್ಲ.

ಒಂದು ಸಂದರ್ಭದಲ್ಲಂತೂ ಬಟನ್ ಮುಟ್ಟಲೇಬಾರದು. ಪರದೆಯ ಮೇಲೆ ಅಪ್‌ಡೇಟ್ ನಡೆಯುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ ಎಂಬ ಸೂಚನೆ ಇದ್ದರೆ ಸಾಮಾನ್ಯವಾಗಿ ಅದು ಹ್ಯಾಂಗ್ ಅಲ್ಲ, ಕೆಲಸ ನಡೆಯುತ್ತಿದೆ. ಹಳೆಯ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್‌ನಲ್ಲಿ ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಡಿಸ್ಕ್ ಲೈಟ್ ಮಿನುಗುತ್ತಿದ್ದರೆ ಕಾಯಿರಿ.

ಎಲ್ಲಿ ನಿಂತಿತು ಅಂತ ನೋಡಿ

ಮದುವೆ ಛತ್ರದ ಮ್ಯಾನೇಜರ್ ಬೀಗ ಹಾಕುವ ಮುಂಚೆ ಏನು ಮಾಡುತ್ತಾರೆ? ಒಂದೊಂದೇ ಕೋಣೆಯ ಬಾಗಿಲು ತಟ್ಟಿ "ಎಲ್ಲ ಹೊರಟ್ರಾ?" ಅಂತ ಕೇಳುತ್ತಾರೆ. ಆಮೇಲೆ ಅಡುಗೆಯವರನ್ನು ಕಳಿಸುತ್ತಾರೆ. ಮೇನ್ ಸ್ವಿಚ್ ಆರಿಸುವುದು ಕೊನೆಗೆ. ವಿಂಡೋಸ್ ಶಟ್‌ಡೌನ್ ಕೂಡ ಇದೇ ಕ್ರಮದಲ್ಲಿ ನಡೆಯುತ್ತದೆ. ಮೊದಲು ನೀವು ತೆರೆದಿಟ್ಟ ಪ್ರೋಗ್ರಾಂಗಳು, ಆಮೇಲೆ ಹಿನ್ನೆಲೆಯಲ್ಲಿ ಓಡುವ ಸರ್ವಿಸ್‌ಗಳು, ಕೊನೆಗೆ ಡ್ರೈವರ್‌ಗಳು (ಯಂತ್ರದ ಭಾಗಗಳನ್ನು ವಿಂಡೋಸ್ ಜೊತೆ ಮಾತಾಡಿಸುವ ಪ್ರೋಗ್ರಾಂಗಳು) ಮತ್ತು ಹಾರ್ಡ್‌ವೇರ್.

ಹಾಗಾಗಿ ಶಟ್‌ಡೌನ್ ಒತ್ತಿದ ಮೇಲೆ ಪರದೆಯ ಮೇಲೆ ಏನಿದೆ ಎನ್ನುವುದೇ ಮೊದಲ ಸುಳಿವು. ಪ್ರೋಗ್ರಾಂಗಳ ಪಟ್ಟಿ ಬಂದು, "ಶಟ್ ಡೌನ್ ಎನಿವೇ" ಮತ್ತು "ಕ್ಯಾನ್ಸಲ್" ಬಟನ್ ಕಂಡರೆ ತೊಂದರೆ ನೀವು ತೆರೆದ ಪ್ರೋಗ್ರಾಂನಲ್ಲಿದೆ. ಪಟ್ಟಿ ಇಲ್ಲದೆ "ಶಟಿಂಗ್ ಡೌನ್" ಎಂಬ ಬರಹ ಮತ್ತು ಸುತ್ತುವ ಚುಕ್ಕೆಗಳು ಮಾತ್ರ ಇದ್ದರೆ ಬಹುಮಟ್ಟಿಗೆ ಸರ್ವಿಸ್. ಪರದೆ ಪೂರ್ತಿ ಕಪ್ಪಾದ ಮೇಲೂ ಫ್ಯಾನ್ ತಿರುಗುತ್ತಾ, ಲೈಟ್ ಉರಿಯುತ್ತಾ ಇದ್ದರೆ ಡ್ರೈವರ್ ಅಥವಾ ಹಾರ್ಡ್‌ವೇರ್.

ಮೂರಕ್ಕೂ ಮದ್ದು ಬೇರೆ ಬೇರೆ. ಇದನ್ನು ನೋಡದೆ ಸಿಕ್ಕಸಿಕ್ಕ ವಿಡಿಯೋ ಹೇಳಿದ್ದನ್ನೆಲ್ಲ ಮಾಡಿದರೆ ದಿನ ಹಾಳು. ಫೋನ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಗಡಿಯಾರದ ಸಮಯವನ್ನೂ ಬರೆದಿಟ್ಟುಕೊಳ್ಳಿ. ಆ ಸಮಯ ಮುಂದೆ ಬೇಕಾಗುತ್ತದೆ.

ಪಟ್ಟಿಯಲ್ಲಿ ಪ್ರೋಗ್ರಾಂ ಹೆಸರು ಕಂಡರೆ

ಮೊದಲು "ಕ್ಯಾನ್ಸಲ್" ಒತ್ತಿ ಡೆಸ್ಕ್‌ಟಾಪ್‌ಗೆ ವಾಪಸ್ ಬನ್ನಿ. ಬಹಳ ಸಲ ಕಾರಣ ಸರಳವಾಗಿರುತ್ತದೆ. ಎಲ್ಲೋ ಒಂದು ಫೈಲ್ ಸೇವ್ ಆಗಿರುವುದಿಲ್ಲ. "ಸೇವ್ ಮಾಡಲೇ?" ಎಂದು ಕೇಳುವ ಚಿಕ್ಕ ಕಿಟಕಿ ಬೇರೆ ಕಿಟಕಿಯ ಹಿಂದೆ ಅಡಗಿ ಕೂತಿರುತ್ತದೆ. ಆಲ್ಟ್ ಮತ್ತು ಟ್ಯಾಬ್ ಕೀ ಒಟ್ಟಿಗೆ ಒತ್ತಿ ಎಲ್ಲ ಕಿಟಕಿಗಳನ್ನೂ ಒಮ್ಮೆ ನೋಡಿ. ವಿಂಡೋಸ್ ಕೀ ಜೊತೆ ಟ್ಯಾಬ್ ಒತ್ತಿದರೆ ಬೇರೆ ಡೆಸ್ಕ್‌ಟಾಪ್‌ಗಳಲ್ಲಿ ಮರೆತುಬಿಟ್ಟ ಕಿಟಕಿಗಳೂ ಕಾಣುತ್ತವೆ.

ಅಲ್ಲೇನೂ ಸಿಗಲಿಲ್ಲವೇ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪ್ರೋಗ್ರಾಂ ಪಕ್ಕದಲ್ಲಿ "ನಾಟ್ ರೆಸ್ಪಾಂಡಿಂಗ್" ಎಂದಿದ್ದರೆ ತಕ್ಷಣ "ಎಂಡ್ ಟಾಸ್ಕ್" ಒತ್ತಬೇಡಿ. ಎರಡು ನಿಮಿಷ ಬಿಡಿ. ಅದು ದೊಡ್ಡ ಫೈಲ್ ಬರೆಯುತ್ತಿರಬಹುದು. ಟಾಸ್ಕ್ ಮ್ಯಾನೇಜರ್‌ನ ಡಿಸ್ಕ್ ಕಾಲಂನಲ್ಲಿ ಆ ಪ್ರೋಗ್ರಾಂ ಎದುರಿನ ಅಂಕಿ ಓಡಾಡುತ್ತಿದ್ದರೆ ಜೀವ ಇದೆ ಎಂದರ್ಥ.

ಬಹಳ ಜನ ಗಮನಿಸದ ಒಂದು ಒಳ್ಳೆಯ ಸೌಲಭ್ಯ ಇಲ್ಲೇ ಇದೆ. "ಡೀಟೇಲ್ಸ್" ಟ್ಯಾಬ್‌ಗೆ ಹೋಗಿ. ಹ್ಯಾಂಗ್ ಆದ ಪ್ರೋಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿ "ಅನಲೈಸ್ ವೇಟ್ ಚೈನ್" ಆರಿಸಿ. ಈ ಪ್ರೋಗ್ರಾಂ ಯಾರಿಗಾಗಿ ಕಾಯುತ್ತಿದೆ ಎನ್ನುವ ಸರಪಳಿ ತೆರೆದುಕೊಳ್ಳುತ್ತದೆ. ಒಂದು ಪ್ರೋಗ್ರಾಂ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಕಾಯುತ್ತಾ ಕೂತಿರಬಹುದು. ಆಗ ಸರಪಳಿಯ ತುದಿಯಲ್ಲಿ ಇರುವುದನ್ನು ಮುಚ್ಚಿದರೆ ಸಾಕು, ಮೇಲಿನದು ತಾನಾಗಿ ಎದ್ದು ನಿಲ್ಲುತ್ತದೆ. ಎಲ್ಲ ಬಗೆಯ ಕಾಯುವಿಕೆಯೂ ಇಲ್ಲಿ ಕಾಣುವುದಿಲ್ಲ, ನೆನಪಿರಲಿ. ಕಂಡಾಗ ಮಾತ್ರ ಅರ್ಧ ಕೆಲಸ ಮುಗಿದಂತೆ.

ಪಟ್ಟಿಯಲ್ಲಿ ಕೆಲವು ವಿಚಿತ್ರ ಹೆಸರುಗಳೂ ಬರುತ್ತವೆ. "ಟಾಸ್ಕ್ ಹೋಸ್ಟ್" ಎಂದು ಕಂಡರೆ ಅದನ್ನು ವೈರಸ್ ಎಂದು ತಿಳಿದು ಅಳಿಸಲು ಹೋಗಬೇಡಿ. ಅದು ವಿಂಡೋಸ್‌ನದೇ ಭಾಗ. ಬೇರೆ ಕೆಲಸಗಳನ್ನು ತನ್ನ ಒಳಗಿಟ್ಟುಕೊಂಡು ನಡೆಸುವ ಮನೆ ಇದ್ದಂತೆ. ತಡೆಯುತ್ತಿರುವುದು ಒಳಗಿರುವ ಬಾಡಿಗೆದಾರ. ನಿಗದಿತ ಸಮಯಕ್ಕೆ ಕೆಲಸಗಳನ್ನು ತಾನಾಗಿ ಶುರುಮಾಡುವ "ಟಾಸ್ಕ್ ಶೆಡ್ಯೂಲರ್" ತೆರೆದು, ಯಾವುದರ ಎದುರು "ರನ್ನಿಂಗ್" ಎಂದಿದೆ ನೋಡಿ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೇ ಬ್ಯಾಕಪ್ ಇಟ್ಟುಕೊಂಡಿದ್ದರೆ ಅದರ ಸಮಯ ಬದಲಿಸಿ. "ಜಿಡಿಐ ಪ್ಲಸ್ ವಿಂಡೋ" ಎಂಬುದೂ ಹೀಗೆಯೇ. ಚಿತ್ರ ಬಿಡಿಸುವ ಒಂದು ಲೈಬ್ರರಿ ತೆರೆಯುವ ಅಡಗು ಕಿಟಕಿ ಅದು. ಯಾವ ಪ್ರೋಗ್ರಾಂ ಅದನ್ನು ಬಳಸುತ್ತಿದೆ ಎಂದು ಆವರಣದಲ್ಲಿ ಇರುವ ಹೆಸರನ್ನು ನೋಡಿ.

ಇನ್ನೊಂದು ಸಣ್ಣ ವಿಷಯ. "ಇನ್ನೊಬ್ಬರು ಈ ಕಂಪ್ಯೂಟರ್ ಬಳಸುತ್ತಿದ್ದಾರೆ" ಎಂಬ ಎಚ್ಚರಿಕೆ ಬಂದರೆ ಮನೆಯ ಬೇರೆಯವರು ತಮ್ಮ ಖಾತೆಯಿಂದ ಸೈನ್ ಔಟ್ ಆಗಿಲ್ಲ. ಅವರ ಕೆಲಸ ಸೇವ್ ಆಗಿದೆಯೇ ಕೇಳಿ.

ವಿಂಡೋಸ್ ಬರೆದಿಟ್ಟ ದಿನಚರಿ ಓದಿ

ಹ್ಯಾಂಗ್ ಆದ ಸಮಯ ಬರೆದಿಟ್ಟುಕೊಳ್ಳಿ ಎಂದಿದ್ದೆ ಅಲ್ವಾ? ಅದು ಈಗ ಉಪಯೋಗಕ್ಕೆ ಬರುತ್ತದೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ "ಇವೆಂಟ್ ವ್ಯೂವರ್" ತೆರೆಯಿರಿ. ಎಡಗಡೆ "ವಿಂಡೋಸ್ ಲಾಗ್ಸ್" ಒಳಗಿನ "ಅಪ್ಲಿಕೇಷನ್" ಒತ್ತಿ. ಆ ಸಮಯದ ಹತ್ತಿರ ಇವೆಂಟ್ ಐಡಿ 1002 ಇದೆಯೇ ನೋಡಿ. ಅದು "ಅಪ್ಲಿಕೇಷನ್ ಹ್ಯಾಂಗ್" ದಾಖಲೆ. ಯಾವ ಪ್ರೋಗ್ರಾಂ, ಯಾವ ವರ್ಷನ್ ಎಂದು ಅದರಲ್ಲೇ ಇರುತ್ತದೆ.

ಇದಕ್ಕಿಂತ ಆಳದ ದಾಖಲೆ ಇನ್ನೊಂದಿದೆ. ಎಡಗಡೆ "ಅಪ್ಲಿಕೇಷನ್ಸ್ ಅಂಡ್ ಸರ್ವೀಸಸ್ ಲಾಗ್ಸ್", ಅದರೊಳಗೆ "ಮೈಕ್ರೋಸಾಫ್ಟ್", ಅದರೊಳಗೆ "ವಿಂಡೋಸ್", ಅದರೊಳಗೆ "ಡಯಾಗ್ನೋಸ್ಟಿಕ್ಸ್ ಪರ್ಫಾರ್ಮೆನ್ಸ್", ಕೊನೆಗೆ "ಆಪರೇಷನಲ್". ದಾರಿ ಉದ್ದ, ಆದರೆ ಹೋಗಿ ನೋಡಲೇಬೇಕಾದ ಜಾಗ. ಇಲ್ಲಿ 200 ಎಂಬ ಐಡಿ ಇದ್ದರೆ ಶಟ್‌ಡೌನ್‌ಗೆ ಒಟ್ಟು ಎಷ್ಟು ಹೊತ್ತು ಹಿಡಿಯಿತು ಎಂಬ ಲೆಕ್ಕ, ಮಿಲಿಸೆಕೆಂಡುಗಳಲ್ಲಿ. 1,000 ಮಿಲಿಸೆಕೆಂಡ್ ಅಂದರೆ 1 ಸೆಕೆಂಡ್. 201 ಇದ್ದರೆ ಒಂದು ಪ್ರೋಗ್ರಾಂ ಶಟ್‌ಡೌನ್ ತಡಮಾಡಿದೆ, 203 ಇದ್ದರೆ ಒಂದು ಸರ್ವಿಸ್ ತಡಮಾಡಿದೆ. ಹೆಸರೂ ಜೊತೆಗೇ ಇರುತ್ತದೆ.

ಎಲ್ಲ ಶಟ್‌ಡೌನ್‌ಗಳೂ ಇಲ್ಲಿ ದಾಖಲಾಗುವುದಿಲ್ಲ. ಬಟನ್ ಅದುಮಿ ಕರೆಂಟ್ ಕಡಿದ ದಿನ ಸಿಗುತ್ತದೆ ಎಂಬ ಭರವಸೆಯೂ ಇಲ್ಲ. ಒಂದೆರಡು ದಿನ, ಎಷ್ಟು ಹೊತ್ತಾದರೂ ಸರಿ, ಅದರ ಪಾಡಿಗೆ ಆಫ್ ಆಗಲು ಬಿಡಿ. ಬಟನ್ ಅದುಮಿದ ದಿನಗಳು "ಸಿಸ್ಟಂ" ಲಾಗ್‌ನಲ್ಲಿ 6008 ಮತ್ತು 41 ಎಂಬ ಐಡಿಗಳಾಗಿ ಕಾಣುತ್ತವೆ, ಸರಿಯಾಗಿ ಆಫ್ ಆದ ದಿನಗಳು 6006 ಆಗಿ. ಗೊಬ್ಬರದ ಅಂಗಡಿಯ ಕಂಪ್ಯೂಟರ್‌ನಲ್ಲಿ 6008 ಸಾಲುಗಟ್ಟಿ ನಿಂತಿತ್ತು.

ಆದರೆ ಅಲ್ಲಿ ಕಣ್ಣಿಗೆ ಬಿದ್ದದ್ದು ಬೇರೆ. 1002 ದಾಖಲೆಗಳೆಲ್ಲ ರಾತ್ರಿ ಎಂಟರ ಆಸುಪಾಸು. ಮಧ್ಯಾಹ್ನ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ ದಿನಗಳಲ್ಲಿ ಒಂದೂ ಇಲ್ಲ. ನಾನೂ ಅವರ ಎದುರಿಗೇ ಮಧ್ಯಾಹ್ನ ಶಟ್‌ಡೌನ್ ಕೊಟ್ಟು ನೋಡಿದೆ. ಅರ್ಧ ನಿಮಿಷದಲ್ಲಿ ಆಫ್ ಆಯಿತು. ಹಾಗಾದರೆ ರಾತ್ರಿ ಏನು ಬದಲಾಗುತ್ತದೆ? ಕೇಳಿದೆ. "ಏನಿಲ್ಲ ಸರ್, ಒಳಗಿನ ಗೋಡೌನ್ ಕಂಪ್ಯೂಟರ್ ಮಗ ಮೊದಲೇ ಆಫ್ ಮಾಡಿ ಮನೆಗೆ ಹೋಗಿರ್ತಾನೆ" ಅಂದರು.

ಬಿಲ್ಲಿಂಗ್‌ನ ಡೇಟಾ ಇದ್ದದ್ದು ಆ ಗೋಡೌನ್ ಕಂಪ್ಯೂಟರ್‌ನಲ್ಲೇ. ಕೌಂಟರ್‌ನಲ್ಲಿದ್ದ ಪ್ರೋಗ್ರಾಂ ಮುಚ್ಚುವಾಗ ಅಲ್ಲಿಗೆ ಏನೋ ಬರೆಯಲು ಹೋಗುತ್ತದೆ, ಅಲ್ಲಿ ಯಾರೂ ಇಲ್ಲ, ಉತ್ತರಕ್ಕಾಗಿ ಕಾಯುತ್ತಾ ಕೂರುತ್ತದೆ. ಮದ್ದು ಇಷ್ಟೇ: ಮೊದಲು ಕೌಂಟರ್‌ನಲ್ಲಿ ಬಿಲ್ಲಿಂಗ್ ಮುಚ್ಚಿ, ಆಮೇಲೆ ಕೌಂಟರ್ ಕಂಪ್ಯೂಟರ್, ಕೊನೆಗೆ ಗೋಡೌನಿನದು. ಒಂದಕ್ಕಿಂತ ಹೆಚ್ಚು ಕಂಪ್ಯೂಟರ್ ಜೋಡಿಸಿಕೊಂಡಿರುವ ಅಂಗಡಿ, ಸೊಸೈಟಿ, ಶಾಲೆಗಳಲ್ಲಿ ಈ ಕ್ರಮವನ್ನು ಮೊದಲು ಪರೀಕ್ಷಿಸಿ. ತೊಂದರೆ ಯಾವಾಗ ಬರುತ್ತದೆ ಎಂದು ಕೇಳುವಷ್ಟೇ, ಯಾವಾಗ ಬರುವುದಿಲ್ಲ ಎಂದೂ ಕೇಳಬೇಕು.

ಚುಕ್ಕೆಗಳು ಸುತ್ತುತ್ತಲೇ ಇದ್ದರೆ

ಪಟ್ಟಿ ಬರದೆ ಬರೀ ಚುಕ್ಕೆ ಸುತ್ತುತ್ತಿದ್ದರೆ ಒಳಗೆ ಏನು ನಡೆಯುತ್ತಿದೆ ಎಂದು ಕಾಣುವುದಿಲ್ಲ. ಕಾಣುವ ಹಾಗೆ ಮಾಡಬಹುದು. ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಕಡತದಲ್ಲಿ, ಒಂದು ಚಿಕ್ಕ ಬದಲಾವಣೆ ಬೇಕು, ಅಷ್ಟೇ.

ಸ್ಟಾರ್ಟ್‌ನಲ್ಲಿ "ರಿಜಿಸ್ಟ್ರಿ ಎಡಿಟರ್" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ತೆರೆಯಿರಿ. "ಎಚ್‌ಕೀ ಲೋಕಲ್ ಮಷಿನ್" ಒಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ಪಾಲಿಸೀಸ್, ಸಿಸ್ಟಂ ಹೀಗೆ ಒಂದೊಂದಾಗಿ ಇಳಿಯಿರಿ. ಏನೂ ಮುಟ್ಟುವ ಮುಂಚೆ ಫೈಲ್ ಮೆನುವಿನಿಂದ "ಎಕ್ಸ್‌ಪೋರ್ಟ್" ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿ. ಬಲಗಡೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, "ನ್ಯೂ", ಅದರಲ್ಲಿ 32 ಬಿಟ್ "ಡಿವರ್ಡ್". ಅದಕ್ಕೆ "ವರ್ಬೋಸ್‌ಸ್ಟೇಟಸ್" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ಹೆಸರು ಕೊಡಿ. ಅದರ ಬೆಲೆ ("ವ್ಯಾಲ್ಯೂ") 1 ಮಾಡಿ. ಕಂಪ್ಯೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿ.

ಇನ್ನು ಮುಂದೆ ಶಟ್‌ಡೌನ್ ಆಗುವಾಗ ಸದ್ಯ ಯಾವ ಕೆಲಸ ನಡೆಯುತ್ತಿದೆ, ಯಾವ ಸರ್ವಿಸ್ ನಿಲ್ಲಿಸಲಾಗುತ್ತಿದೆ ಎಂದು ಪರದೆಯ ಮೇಲೆ ಬರುತ್ತದೆ. ಯಾವ ಸಾಲಿನಲ್ಲಿ ಬಹಳ ಹೊತ್ತು ನಿಲ್ಲುತ್ತದೋ ಅದರ ಮೇಲೆ ಅನುಮಾನ ಇಡಿ. ಇಡೀ ಈ ಬರಹದಲ್ಲಿ ಒಂದೇ ಒಂದು ಉಪಾಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ.

ಹೆಸರು ಸಿಕ್ಕಿತು ಎನ್ನೋಣ. ಈಗ ಕಂಪ್ಯೂಟರ್ ಮತ್ತೆ ಆನ್ ಮಾಡಿ, "ಸರ್ವೀಸಸ್" ಕಿಟಕಿ ತೆರೆದು, ಆ ಸರ್ವಿಸ್ ಅನ್ನು ಕೈಯಾರೆ "ಸ್ಟಾಪ್" ಮಾಡಿ ನೋಡಿ. ಅಲ್ಲಿಯೂ ನಿಲ್ಲಲು ಒದ್ದಾಡಿದರೆ ಕಳ್ಳ ಸಿಕ್ಕ. ಪ್ರಿಂಟರ್‌ನ "ಪ್ರಿಂಟ್ ಸ್ಪೂಲರ್" ಹೀಗೆ ಸಿಕ್ಕಿಬೀಳುವುದುಂಟು. ಆಫ್ ಆಗಿರುವ ಪ್ರಿಂಟರ್‌ಗೆ ಕಳಿಸಿದ ಹಳೆಯ ಪ್ರಿಂಟ್‌ಗಳು ಸಾಲಿನಲ್ಲಿ ನಿಂತಿದ್ದರೆ ಅವನ್ನು ತೆಗೆದುಹಾಕಿ ಮತ್ತೆ ಪ್ರಯತ್ನಿಸಿ. ಆಂಟಿವೈರಸ್, ಬ್ಯಾಕಪ್, ಡೇಟಾಬೇಸ್ ಸರ್ವಿಸ್ ಆದರೆ ಮೊದಲು ಅದರ ಹೊಸ ವರ್ಷನ್ ಹಾಕಿ. ಒಂದೇ ಕಂಪ್ಯೂಟರ್‌ನಲ್ಲಿ ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ.

ಹೆಸರು ಸಿಗಲಿಲ್ಲ ಎಂದರೆ "ಕ್ಲೀನ್ ಬೂಟ್" ಮಾಡಬೇಕು, ಅಂದರೆ ಹೊರಗಿನ ಸರ್ವಿಸ್ ಮತ್ತು ಪ್ರೋಗ್ರಾಂಗಳನ್ನು ಬಿಟ್ಟು ವಿಂಡೋಸ್ ಮಾತ್ರ ಶುರುಮಾಡಬೇಕು. "ಸಿಸ್ಟಂ ಕಾನ್ಫಿಗರೇಷನ್" ತೆರೆಯಿರಿ. "ಸರ್ವೀಸಸ್" ಟ್ಯಾಬ್‌ನಲ್ಲಿ "ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವೀಸಸ್" ಎಂಬಲ್ಲಿ ತಪ್ಪದೆ ಗುರುತು ಹಾಕಿ. ಇದನ್ನು ಮರೆತು ಎಲ್ಲವನ್ನೂ ನಿಲ್ಲಿಸಿದರೆ ಕಂಪ್ಯೂಟರ್ ಸರಿಯಾಗಿ ಶುರುವಾಗದೆ ಹೋಗಬಹುದು. "ಬೂಟ್" ಟ್ಯಾಬ್ ಮುಟ್ಟಲೇಬೇಡಿ. ಉಳಿದ ಪಟ್ಟಿಯನ್ನು ಫೋಟೋ ತೆಗೆದಿಟ್ಟು, "ಡಿಸೇಬಲ್ ಆಲ್" ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಟಾರ್ಟಪ್ ಪ್ರೋಗ್ರಾಂಗಳನ್ನೂ ಡಿಸೇಬಲ್ ಮಾಡಿ ರೀಸ್ಟಾರ್ಟ್ ಕೊಡಿ. ಈಗ ಶಟ್‌ಡೌನ್ ಸಲೀಸಾಗಿ ಆದರೆ ತಪ್ಪು ಆ ಪಟ್ಟಿಯಲ್ಲೇ ಇದೆ.

ಒಂದೊಂದಾಗಿ ಪರೀಕ್ಷಿಸುತ್ತಾ ಕೂರಬೇಡಿ. ಅರ್ಧ ಆನ್ ಮಾಡಿ ನೋಡಿ. ತೊಂದರೆ ಬಂದರೆ ಆ ಅರ್ಧದಲ್ಲಿದೆ, ಬರದಿದ್ದರೆ ಇನ್ನರ್ಧದಲ್ಲಿದೆ. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ 16 ಸರ್ವಿಸ್‌ಗಳಲ್ಲಿ ಒಂದನ್ನು ನಾಲ್ಕೇ ಸುತ್ತಿನಲ್ಲಿ ಹಿಡಿಯಬಹುದು. ಈ ಹೊತ್ತಿನಲ್ಲಿ ನೀವು ಹಾಕಿಕೊಂಡ ಬೇರೆ ಕಂಪನಿಯ ಆಂಟಿವೈರಸ್ ನಿಂತಿರಬಹುದು, ಆದ್ದರಿಂದ ಇಂಟರ್ನೆಟ್ ತೆಗೆದಿಡಿ. ಮುಗಿದ ಮೇಲೆ ಎಲ್ಲವನ್ನೂ ಮೊದಲಿನಂತೆ ಆನ್ ಮಾಡಿ.

ಪರದೆ ಕಪ್ಪಾದ ಮೇಲೂ ಫ್ಯಾನ್ ನಿಲ್ಲದಿದ್ದರೆ

ಇಲ್ಲಿ ಒಂದು ಪರೀಕ್ಷೆ ಮೊದಲು. "ರೀಸ್ಟಾರ್ಟ್" ಸರಿಯಾಗಿ ಆಗುತ್ತದೆ, "ಶಟ್‌ಡೌನ್" ಮಾತ್ರ ಆಗುವುದಿಲ್ಲ ಎಂದಾದರೆ "ಫಾಸ್ಟ್ ಸ್ಟಾರ್ಟಪ್" ಮೇಲೆ ಕಣ್ಣಿಡಿ. ವಿಂಡೋಸ್ 8ರಿಂದ ಬಂದ ಸೌಲಭ್ಯ ಅದು. ಅದು ಆನ್ ಇದ್ದಾಗ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಆಗಿರುವುದಿಲ್ಲ. ವಿಂಡೋಸ್‌ನ ತಿರುಳಿನ ಭಾಗವನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗಿಸುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಮುಚ್ಚಿ ಹೊಸದಾಗಿ ಶುರುಮಾಡುತ್ತದೆ. ದಿನಾ ರಾತ್ರಿ ಆಫ್ ಮಾಡಿದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ "ಅಪ್ ಟೈಮ್" ಹಲವು ದಿನ ತೋರಿಸುವುದು ಇದರಿಂದಲೇ.

ಶಿಫ್ಟ್ ಕೀ ಒತ್ತಿ ಹಿಡಿದುಕೊಂಡು "ಶಟ್ ಡೌನ್" ಕ್ಲಿಕ್ ಮಾಡಿ. ಆ ಒಂದು ಸಲ ಪೂರ್ತಿ ಶಟ್‌ಡೌನ್ ಆಗುತ್ತದೆ. ಹೀಗೆ ಮಾಡಿದಾಗ ಸರಿಹೋದರೆ ಕಂಟ್ರೋಲ್ ಪ್ಯಾನಲ್‌ನ "ಪವರ್ ಆಪ್ಷನ್ಸ್" ಒಳಗೆ, ಪವರ್ ಬಟನ್‌ಗಳ ಕೆಲಸ ಆರಿಸುವ ಪುಟದಲ್ಲಿ, ಫಾಸ್ಟ್ ಸ್ಟಾರ್ಟಪ್ ಮುಂದಿನ ಗುರುತು ತೆಗೆಯಿರಿ. ಬೆಳಿಗ್ಗೆ ಆನ್ ಆಗಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಬಹುದು. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇದ್ದರೆ ಆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ.

ಅದೂ ಅಲ್ಲದಿದ್ದರೆ ಯುಎಸ್‌ಬಿಗೆ ಚುಚ್ಚಿದ್ದನ್ನೆಲ್ಲ, ಹೊರಗಿನ ಹಾರ್ಡ್ ಡಿಸ್ಕ್, ಡಾಂಗಲ್, ಸ್ಕ್ಯಾನರ್, ತೆಗೆದು ನೋಡಿ. ಚಿಪ್‌ಸೆಟ್, ಗ್ರಾಫಿಕ್ಸ್ ಮತ್ತು ನೆಟ್‌ವರ್ಕ್ ಡ್ರೈವರ್‌ಗಳನ್ನು ಕಂಪ್ಯೂಟರ್ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. "ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ" ಎನ್ನುವ ಪ್ರೋಗ್ರಾಂಗಳ ಹತ್ತಿರ ಹೋಗಬೇಡಿ.

ಸಮಯ ಕಡಿಮೆ ಮಾಡುವ ಉಪಾಯದ ಬಗ್ಗೆ

ರಿಜಿಸ್ಟ್ರಿಯಲ್ಲಿ ಕಾಯುವ ಸಮಯವನ್ನು ಇಳಿಸಿ, ಶಟ್‌ಡೌನ್ ಚಿಟಿಕೆಯಲ್ಲಿ ಆಗುತ್ತದೆ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಸರ್ವಿಸ್‌ಗಳಿಗಾಗಿ ವಿಂಡೋಸ್ ಸಾಮಾನ್ಯವಾಗಿ ಕಾಯುವ ಸಮಯ 5,000 ಮಿಲಿಸೆಕೆಂಡ್, ಅಂದರೆ 5 ಸೆಕೆಂಡ್. ಅದನ್ನು 1,000ಕ್ಕೆ ಇಳಿಸಿ ಎನ್ನುತ್ತಾರೆ. "ಆಟೋ ಎಂಡ್ ಟಾಸ್ಕ್ಸ್" ಎಂಬುದನ್ನು 1 ಮಾಡಿ ಎನ್ನುತ್ತಾರೆ. ಅದನ್ನು 1 ಮಾಡಿದರೆ ಸೇವ್ ಆಗದ ಕಡತ ಇದ್ದರೂ ವಿಂಡೋಸ್ ನಿಮ್ಮನ್ನು ಕೇಳದೆ ಪ್ರೋಗ್ರಾಂ ಮುಚ್ಚುತ್ತದೆ. ಲೆಕ್ಕಪತ್ರ, ಡೇಟಾಬೇಸ್ ಇರುವ ಕಂಪ್ಯೂಟರ್‌ನಲ್ಲಿ ಇವೆರಡನ್ನೂ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅಡುಗೆಯವರು ಒಲೆ ಆರಿಸುವ ಮುಂಚೆಯೇ ಛತ್ರಕ್ಕೆ ಬೀಗ ಹಾಕಿದಂತಾಗುತ್ತದೆ.

ಕರೆಂಟ್ ಹೋದಾಗ ಯುಪಿಎಸ್ ಮುಗಿಯುವುದರೊಳಗೆ ಆಫ್ ಆಗಲಿ ಎನ್ನುವುದು ನಿಮ್ಮ ಚಿಂತೆಯಾದರೆ, ಯುಪಿಎಸ್ ಕೂಗಿದ ಕೂಡಲೇ ಬಿಲ್ಲಿಂಗ್ ಮುಚ್ಚುವ ಅಭ್ಯಾಸ ಮಾಡಿಕೊಳ್ಳಿ. ಮಾನಿಟರ್, ರೂಟರ್, ಪ್ರಿಂಟರ್ ಎಲ್ಲವೂ ಅದೇ ಯುಪಿಎಸ್‌ನಲ್ಲಿದ್ದರೆ ಪ್ರಿಂಟರ್ ಅನ್ನು ಬೇರೆ ಕಡೆ ಹಾಕಿ. ಲೇಸರ್ ಪ್ರಿಂಟರ್ ಎಳೆಯುವ ಕರೆಂಟ್ ಬಹಳ ಜಾಸ್ತಿ.

ಪ್ರೋಗ್ರಾಂ ಬರೆಯುವವರಿಗೆ ಎರಡು ಮಾತು

ಊರಿನ ಅಂಗಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಡುವ ಹುಡುಗರು ಬಹಳ ಜನ ಇದ್ದಾರೆ, ಅವರಿಗೆ ಇದು. ಶಟ್‌ಡೌನ್ ಶುರುವಾದಾಗ ವಿಂಡೋಸ್ ನಿಮ್ಮ ಕಿಟಕಿಗೆ "ಕ್ವೆರಿ ಎಂಡ್ ಸೆಷನ್" ಎಂಬ ಸಂದೇಶ ಕಳಿಸುತ್ತದೆ. ಅದಕ್ಕೆ ಬೇಗ ಉತ್ತರ ಕೊಡಿ. 5 ಸೆಕೆಂಡ್ ಒಳಗೆ ಉತ್ತರ ಬರದಿದ್ದರೆ ನಿಮ್ಮ ಪ್ರೋಗ್ರಾಂ ಹ್ಯಾಂಗ್ ಆಗಿದೆ ಎಂದು ಅದು ತಿಳಿಯುತ್ತದೆ. ಆ ಹೊತ್ತಿನಲ್ಲಿ "ನಿಜವಾಗಿಯೂ ಮುಚ್ಚಲೇ?" ಎಂಬ ಪ್ರಶ್ನೆ ತೆರೆಯಬೇಡಿ. ನೆಟ್‌ವರ್ಕ್‌ನಲ್ಲಿರುವ ಫೈಲ್‌ಗೆ ಮುಖ್ಯ ಥ್ರೆಡ್‌ನಿಂದ ಬರೆಯಬೇಡಿ. ಡೇಟಾವನ್ನು ಪ್ರತಿ ಬಿಲ್ ಮುಗಿದಾಗಲೇ ಸೇವ್ ಮಾಡಿ, ಮುಚ್ಚುವ ಗಳಿಗೆಗೆ ಉಳಿಸಿಕೊಳ್ಳಬೇಡಿ. ನಿಜವಾಗಿಯೂ ನಿಲ್ಲಿಸಲಾಗದ ಕೆಲಸ ನಡೆಯುತ್ತಿದ್ದರೆ "ಶಟ್‌ಡೌನ್ ಬ್ಲಾಕ್ ರೀಸನ್ ಕ್ರಿಯೇಟ್" ಎಂಬ ಫಂಕ್ಷನ್ ಇದೆ. ತಡೆಯ ಕಾರಣವನ್ನು ಅದರ ಮೂಲಕ ಕೊಟ್ಟರೆ ವಿಂಡೋಸ್ ಅದನ್ನು ಪರದೆಯ ಮೇಲೆ ತೋರಿಸುತ್ತದೆ. "ಈ ದಿನದ ಲೆಕ್ಕ ಉಳಿಸಲಾಗುತ್ತಿದೆ" ಎಂದು ಕನ್ನಡದಲ್ಲೇ ಬರೆಯಿರಿ. ಅದನ್ನು ಓದಿದ ಅಂಗಡಿಯವರು ಬಟನ್ ಅದುಮುವುದಿಲ್ಲ.

ಸಹಾಯ ಕೇಳುವ ಮುಂಚೆ

ಎಲ್ಲ ಮಾಡಿದರೂ ಒಂದೇ ಪ್ರೋಗ್ರಾಂ ಪದೇ ಪದೇ ನಿಲ್ಲುತ್ತಿದ್ದರೆ ಅದನ್ನು ಮಾಡಿದವರಿಗೇ ಹೇಳಬೇಕು. "ಶಟ್‌ಡೌನ್ ಆಗ್ತಿಲ್ಲ" ಎಂದಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಪ್ರೋಗ್ರಾಂನ ವರ್ಷನ್, ಇವೆಂಟ್ ಐಡಿ ಮತ್ತು ಸಮಯ, ಪರದೆಯ ಫೋಟೋ, ತೊಂದರೆ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬ ವಿವರ, ಇಷ್ಟು ಕೊಡಿ. ಅವರು ಕೇಳಿದರೆ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ ಆ ಪ್ರೋಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿ, ಹ್ಯಾಂಗ್ ಆಗಿರುವಾಗಲೇ, ಮೆಮೊರಿ ಡಂಪ್ ಫೈಲ್ ತೆಗೆದುಕೊಡಬಹುದು. ಆ ಗಳಿಗೆಯಲ್ಲಿ ಪ್ರೋಗ್ರಾಂನ ನೆನಪಿನಲ್ಲಿದ್ದ ಗಿರಾಕಿಗಳ ಹೆಸರು, ಫೋನ್ ನಂಬರ್, ಪಾಸ್‌ವರ್ಡ್ ಕೂಡ ಆ ಫೈಲ್‌ನಲ್ಲಿ ಇರಬಹುದು. ಹಾಗಾಗಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಪ್ರೋಗ್ರಾಂ ಮಾಡಿದವರ ಕೈಗೇ ಪೆನ್‌ಡ್ರೈವ್‌ನಲ್ಲಿ ಕೊಡಿ, ಕೆಲಸ ಮುಗಿದ ಮೇಲೆ ಅಳಿಸಲು ಹೇಳಿ.